ನೆಲನೆಲ್ಲಿ ರಸ ಕೊಡೋ ಮುಂಚೆ: ಬೇಲೂರು ಅಕ್ಕನಿಗೆ ಉತ್ತರ

ಅಕ್ಕ, ಉತ್ತರ ಎರಡು ದಿನ ತಡ ಆಯ್ತು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಅಡಿಕೆಗೆ ಎರಡನೇ ಸಲ ಬೋರ್ಡೋ (ಕೊಳೆ ರೋಗ ತಡೆಯೋ ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಸುತ್ತಿದ್ದೆ.

ನೀವು ಕೇಳಿದ್ದು ಇಷ್ಟು. ಯಜಮಾನರಿಗೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು, ಅಂತ ಬಂದಿದೆ. ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಕಿಗಳಾದ ಎಸ್‌ಜಿಪಿಟಿ 96, ಎಸ್‌ಜಿಓಟಿ 61. ಶುಂಠಿ ಹೊಲದ ಪಾತಿಗಳಲ್ಲಿ ನೆಲನೆಲ್ಲಿ ಹುಲುಸಾಗಿ ಬಂದಿದೆ. ಅದರ ರಸಕ್ಕೆ ಬೇಲಿಯ ಅಮೃತಬಳ್ಳಿಯನ್ನೂ ಸೇರಿಸಿ ದಿನಾ ಬೆಳಿಗ್ಗೆ ಕೊಡಬಹುದಾ? ನಿಮ್ಮ ಪ್ರಶ್ನೆಯ ಕೆಳಗೆ ಹತ್ತಾರು ಜನ ‘ಕೊಡಿ ಕೊಡಿ, ಏನೂ ಆಗಲ್ಲ’ ಅಂದಿದ್ದಾರೆ. ನಾನು ಸ್ವಲ್ಪ ಅಡ್ಡ ಬರ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಡಾಕ್ಟರಲ್ಲ. ಮೂಡಿಗೆರೆ ಕಡೆ ಕಾಫಿ, ಅಡಿಕೆ ಮಾಡಿಕೊಂಡು ಇರುವವನು. ಗಿಡಮೂಲಿಕೆ ಹುಚ್ಚು ಇದೆ, ಸಿಕ್ಕಿದ್ದನ್ನೆಲ್ಲ ಓದುತ್ತೇನೆ.

ಮೊದಲನೆಯದು, ಶುಂಠಿ ಹೊಲದ ಗಿಡ ಬೇಡವೇ ಬೇಡ. ನಮ್ಮ ಭಾಷೆಯಲ್ಲಿ ಹೊಡೆಯುವುದಕ್ಕೂ ‘ಔಷಧಿ’ ಅಂತೀವಿ, ಕುಡಿಯುವುದಕ್ಕೂ ‘ಔಷಧಿ’ ಅಂತೀವಿ. ಆ ಪಾತಿಗೆ ಈ ವರ್ಷ ಏನೇನು ಬಿದ್ದಿದೆ, ನೆನಪು ಮಾಡಿಕೊಳ್ಳಿ. ಕೊಳೆಗೆ ಹೊಡೆದಿದ್ದು, ಹುಳಕ್ಕೆ ಹೊಡೆದಿದ್ದು, ಬದುವಿಗೆ ಹೊಡೆದ ಕಳೆ ಔಷಧಿ. ಪ್ಯಾರಾಕ್ವಾಟ್ ಅನ್ನೋ ಕಳೆ ಔಷಧಿ ಹೊಟ್ಟೆಗೆ ಹೋದರೆ ಕಿಡ್ನಿ, ಶ್ವಾಸಕೋಶದ ಜೊತೆ ಲಿವರ್ ಅನ್ನೂ ಹಾಳು ಮಾಡುತ್ತದೆ. ಅಡಿಕೆ ಮರದ ಬುಡದ ಗಿಡವೂ ಬೇಡ, ಅದರ ಮೇಲೆಲ್ಲ ಮೈಲುತುತ್ತು ತೊಟ್ಟಿಕ್ಕಿರುತ್ತದೆ. ಲಿವರ್ ಉಳಿಸೋಕೆ ಅಂತ ಅದನ್ನು ಅರೆದು ಕುಡಿಸೋದು ಯಾವ ನ್ಯಾಯ? ನಾನು ಮೂಲಿಕೆಗೆ ಅಂತಲೇ ಹಿತ್ತಲಲ್ಲಿ ನಾಲ್ಕು ಮಡಿ ಬಿಟ್ಟಿದ್ದೇನೆ, ಅಲ್ಲಿಗೆ ಪಂಪ್ ಹೋಗುವುದಿಲ್ಲ.

ಇನ್ನು ಗಿಡದ ಗುರುತು. ಹುಣಸೆ ಎಲೆಯ ಹಾಗೆ ಎಲೆ, ಕೆಳಗೆ ಸಾಲಾಗಿ ಸಣ್ಣ ಕಾಯಿ ಇದ್ದರೆ ಸಾಕು, ಎಲ್ಲರೂ ನೆಲನೆಲ್ಲಿ ಅಂದುಬಿಡುತ್ತಾರೆ. ಆದರೆ ಆ ಗುಂಪಿನಲ್ಲಿ ಹಲವು ಗಿಡಗಳಿವೆ. ಲಿವರ್ ವಿಷಯದಲ್ಲಿ ಜಾಸ್ತಿ ಪರೀಕ್ಷೆಯಾಗಿರುವುದು ಫಿಲಾಂಥಸ್ ಅಮಾರಸ್. ಅದರ ದಂಟು ಹಸಿರು, ಕಾಯಿ ನುಣುಪು, ಕಾಯಿಗೆ ಚಿಕ್ಕದೊಂದು ತೊಟ್ಟಿರುತ್ತದೆ. ದಂಟು ಕೆಂಪಾಗಿ, ಕಾಯಿ ತರಿತರಿಯಾಗಿ, ತೊಟ್ಟೇ ಇಲ್ಲದೆ ಅಂಟಿಕೊಂಡಿದ್ದರೆ ಅದು ಫಿಲಾಂಥಸ್ ಯೂರಿನೇರಿಯಾ, ಬೇರೆ ಗಿಡ.

ಸರಿ, ಗಿಡ ಸರಿಯಾದದ್ದೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಕೆಲಸ ಮಾಡುತ್ತದಾ?

‘ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ’ ಅಂತ ಒಬ್ಬರು ಬರೆದಿದ್ದಾರಲ್ಲ, ಆ ಪ್ರಯೋಗ ಹೇಗೆ ನಡೆಯುತ್ತದೆ ಗೊತ್ತಾ? ಹೆಚ್ಚಿನವು ಇಲಿಗಳ ಮೇಲೆ. ಕೆಲವು ದಿನ ಮೊದಲೇ ಗಿಡದ ಸಾರ ಕುಡಿಸುತ್ತಾರೆ. ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನೋ ವಿಷವನ್ನೋ, ವಿಪರೀತ ಪ್ಯಾರಾಸಿಟಮಾಲನ್ನೋ ಕೊಡುತ್ತಾರೆ. ಸಾರ ಕುಡಿದ ಇಲಿಯ ಲಿವರ್ ಕಡಿಮೆ ಕೆಟ್ಟಿರುತ್ತದೆ. ಸುಳ್ಳಲ್ಲ, ನಿಜ. ಆದರೆ ಇದು ನಮ್ಮ ಬೋರ್ಡೋ ಇದ್ದ ಹಾಗೆ ಅಕ್ಕ. ಮಳೆ ಹಿಡಿಯೋಕೆ ಮುಂಚೆ ಗೊನೆಗೆ ಹೊಡೆದರೆ ಕೊಳೆ ತಡೆಯುತ್ತದೆ. ಕೊಳೆತು ಉದುರಿದ ಕಾಯಿಗೆ ಎಷ್ಟು ಹೊಡೆದರೆ ಏನು? ಮೇಲಾಗಿ ಆ ವಿಷ ಲಿವರ್ ಕೆಡಿಸುವ ದಾರಿಯೇ ಬೇರೆ. ಲಿವರ್ ಒಳಗೆ ಹೋಗಿ ಒಡೆದು, ಸಿಕ್ಕಿದ್ದನ್ನೆಲ್ಲ ಸುಡುವ ತುಣುಕಾಗುತ್ತದೆ. ಅದನ್ನು ತಡೆಯುವ ಗುಣ ಬಹಳಷ್ಟು ಸೊಪ್ಪುಗಳಲ್ಲಿ ಇದೆ. ಅದಕ್ಕೇ ಇಲಿಯಲ್ಲಿ ಗರುಗದ ಸೊಪ್ಪೂ ಪಾಸು, ನೆಲಬೇವೂ ಪಾಸು, ನೆಲನೆಲ್ಲಿಯೂ ಪಾಸು. ನಿಮ್ಮ ಯಜಮಾನರ ಲಿವರ್‌ನಲ್ಲಿ ಇರುವುದು ಕೊಬ್ಬು, ಆ ವಿಷ ಅಲ್ಲ.

ಸಾರ ಬೇರೆ, ರಸ ಬೇರೆ ಅನ್ನೋದೂ ಇದೆ. ನೆಲನೆಲ್ಲಿಯ ಫಿಲಾಂಥಿನ್ ಅನ್ನೋ ಅಂಶ ನೀರಿಗೆ ಸರಿಯಾಗಿ ಬಿಡುವುದಿಲ್ಲ, ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಬಿಡುತ್ತದೆ. ಒಂದು ಲೆಕ್ಕ ಹಾಕೋಣ. ಇಲಿಗೆ ಸಾಮಾನ್ಯವಾಗಿ ಕೆ.ಜಿ. ತೂಕಕ್ಕೆ 200 ಮಿಲಿಗ್ರಾಂ ಒಣ ಸಾರ ಕೊಡುತ್ತಾರೆ. ಮನುಷ್ಯರ ಲೆಕ್ಕಕ್ಕೆ ತರುವಾಗ ಅದನ್ನು ಸುಮಾರು ಆರರಿಂದ ಭಾಗಿಸುತ್ತಾರೆ. ಅಲ್ಲಿಗೆ 60 ಕೆ.ಜಿ. ಆಳಿಗೆ ದಿನಕ್ಕೆ 2 ಗ್ರಾಂ ಸಾರ. ನೂರು ಗ್ರಾಂ ಒಣ ಗಿಡಕ್ಕೆ ಹತ್ತು ಗ್ರಾಂ ಸಾರ ಬಂತು ಅಂದುಕೊಂಡರೂ 20 ಗ್ರಾಂ ಒಣ ಗಿಡ ಬೇಕು, ಹಸಿ ಗಿಡ ಅದರ ನಾಲ್ಕೈದು ಪಟ್ಟು. ಅರ್ಧ ಲೋಟ ಮಜ್ಜಿಗೆಗೆ ಒಂದು ಹಿಡಿ ಅರೆದು ಹಾಕಿದರೆ ಆ ಲೆಕ್ಕದ ಹತ್ತಿರವೂ ಹೋಗುವುದಿಲ್ಲ.

ಮನುಷ್ಯರ ಮೇಲೂ ನೋಡಿದ್ದಾರೆ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದ್ದವರಿಗೆ ಒಂದು ತಿಂಗಳು ನೆಲನೆಲ್ಲಿ ಪುಡಿ ಕೊಟ್ಟರು. 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟ 23 ಜನರಲ್ಲಿ ಒಬ್ಬರಿಗೆ ಮಾತ್ರ ಹೋಯಿತು. ದೊಡ್ಡ ಸುದ್ದಿಯಾಯ್ತು. ಆಮೇಲೆ ಬೇರೆ ಕಡೆ ಮಾಡಿ ನೋಡಿದರೆ ಆ ಫಲ ಬರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಲಿಮರಿನ್ ಕಥೆಯೂ ಹೆಚ್ಚು ಕಡಿಮೆ ಹೀಗೇ. ಅದು ಮಿಲ್ಕ್ ಥಿಸಲ್ ಅನ್ನೋ ಮುಳ್ಳು ಗಿಡದ ಬೀಜದ್ದು. 2012ರಲ್ಲಿ ಅಮೆರಿಕದಲ್ಲಿ 154 ಹೆಪಟೈಟಿಸ್ ಸಿ ರೋಗಿಗಳ ಮೇಲೆ ನೋಡಿದರು, ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ವಿಷದ ಅಣಬೆ ತಿಂದವರಿಗೆ ಮಾತ್ರ ಯೂರೋಪಿನಲ್ಲಿ ಇದೇ ಬೀಜದ ಸಿಲಿಬಿನಿನ್ ಅನ್ನು ನರಕ್ಕೆ ಕೊಡುವುದುಂಟು. ಅದೂ ಆಸ್ಪತ್ರೆಯಲ್ಲಿ.

‘ನಮ್ಮಜ್ಜಿ ಜಾಂಡೀಸ್‌ಗೆ ಇದನ್ನೇ ಕೊಟ್ಟು ವಾಸಿ ಮಾಡ್ತಿದ್ರು’ ಅಂದವರಿಗೆ: ನಮ್ಮ ಮನೆಯಲ್ಲೂ ಅಷ್ಟೇ. ನನಗೇ ಹೈಸ್ಕೂಲಿನಲ್ಲಿ ಕಾಮಾಲೆ ಬಂದಾಗ ಮೂರು ದಿನ ಬರೀ ಹೊಟ್ಟೆಗೆ ಕೊಟ್ಟರು, ಉಪ್ಪು, ಎಣ್ಣೆ ಪಥ್ಯ. ವಾಸಿಯಾಯ್ತು. ಆದರೆ ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಿಗೆ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಯಾರ ಪುಣ್ಯ ಅಂತ ಹೇಗೆ ಹೇಳೋದು? ಬಸುರಿಯರಿಗೆ ಮಾತ್ರ ಈ ಧೈರ್ಯ ಬೇಡ, ಇದೇ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಇ ಅವರ ಜೀವಕ್ಕೇ ಬರಬಹುದು.

ನಾನು ಅಡ್ಡ ಬಂದಿದ್ದಕ್ಕೆ ನಿಜವಾದ ಕಾರಣ ನಮ್ಮ ತೋಟದ ಒಬ್ಬ ಆಳು. ನಾಲ್ಕು ವರ್ಷದ ಹಿಂದೆ, ಗದ್ದೆ ನಾಟಿ ಮುಗಿದ ಮೇಲೆ ಅವನಿಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಹಳದಿ. ನಾನೇ ನೆಲನೆಲ್ಲಿ ಕಿತ್ತು ಕೊಟ್ಟೆ. ಐದು ದಿನ ಹಾಗೇ ಹೋಯಿತು. ಆಸ್ಪತ್ರೆಗೆ ಸೇರಿಸುವಾಗ ಮೂತ್ರ ನಿಂತಿತ್ತು. ಇಲಿ ಜ್ವರ. ಡಯಾಲಿಸಿಸ್ ಮಾಡಿಸಿ ಉಳಿಸಿಕೊಂಡೆವು. ಮೊದಲ ದಿನವೇ ಹೋಗಿದ್ದರೆ ಆ್ಯಂಟಿಬಯಾಟಿಕ್‌ನಲ್ಲೇ ಮುಗಿಯುತ್ತಿತ್ತೇನೋ. ಅವನ ಹೆಂಡತಿ ಈಗಲೂ ನನಗೆ ಏನೂ ಅನ್ನುವುದಿಲ್ಲ, ಅದೇ ಕಷ್ಟ. ಮಳೆಗಾಲದಲ್ಲಿ ಜ್ವರದ ಜೊತೆ ಕಣ್ಣು ಹಳದಿಯಾದರೆ ಯಾವ ಸೊಪ್ಪೂ ಅರೆಯಬೇಡಿ, ಗಾಡಿ ಹತ್ತಿಸಿ.

ಅಮೃತಬಳ್ಳಿ ಸದ್ಯಕ್ಕೆ ಬಿಡಿ. ಕೊರೊನಾ ಕಾಲದಲ್ಲಿ ಎಲ್ಲರೂ ಕುಡಿದರಲ್ಲ, 2021ರಲ್ಲಿ ಮುಂಬೈ ವೈದ್ಯರು ಅದರಿಂದ ಲಿವರ್ ಕೆಟ್ಟ ಆರು ಜನರ ಬಗ್ಗೆ ಬರೆದರು. ಮುಂದಿನ ವರ್ಷ ಹಲವು ಊರಿನ ಆಸ್ಪತ್ರೆಗಳ ಲೆಕ್ಕ ಸೇರಿ 43 ಜನ ಆಯ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದೇ ಜಾತಿಯ ಟಿನೋಸ್ಪೋರಾ ಕ್ರಿಸ್ಪಾ ಬಳ್ಳಿ ಬೆರೆತಿರಬಹುದು ಅಂದಿತು. ಆ ಬಳ್ಳಿಯ ಕಾಂಡದ ತುಂಬ ಗಂಟುಗಂಟು ಇರುತ್ತದೆ. ನಮ್ಮದರ ಸಿಪ್ಪೆ ಕಾಗದದ ಹಾಗೆ ಏಳುತ್ತದೆ. ಜಗಳ ಏನೇ ಇರಲಿ, ಈಗಾಗಲೇ 96 ಇರುವ ಲಿವರ್ ಮೇಲೆ ಪರೀಕ್ಷೆ ಬೇಡ. ಅರಿಶಿನದ ಕ್ಯಾಪ್ಸೂಲೂ ಬೇಡ. 2022ರಲ್ಲಿ ಅಮೆರಿಕದ ವೈದ್ಯರು ಅದರಿಂದ ಲಿವರ್ ಕೆಟ್ಟ 10 ಜನರನ್ನು ಗುರುತಿಸಿದರು, ಅವರು ನುಂಗಿದ್ದರಲ್ಲಿ 7 ಪರೀಕ್ಷೆ ಮಾಡಿದಾಗ 3ರಲ್ಲಿ ಕಾಳುಮೆಣಸಿನ ಅಂಶ ಸೇರಿತ್ತು. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು.

ಹಾಗಾದರೆ ಏನು ಮಾಡೋದು? ಹೆಪಟೈಟಿಸ್ ಬಿ, ಸಿ ಟೆಸ್ಟ್ ಒಮ್ಮೆ ಮಾಡಿಸಿ. ಶುಗರ್ ನೋಡಿಸಿ. ಕುಡಿಯುವ ಅಭ್ಯಾಸ ಇದೆಯಾ ಅಂತ ನೀವು ಬರೆದಿಲ್ಲ. ಎಸ್‌ಜಿಓಟಿ ಎಸ್‌ಜಿಪಿಟಿಯ ಎರಡು ಪಟ್ಟು ಇದ್ದಿದ್ದರೆ ಅದರ ಮೇಲೆ ಅನುಮಾನ ಹೋಗುತ್ತಿತ್ತು, ನಿಮ್ಮದು ಉಲ್ಟಾ ಇದೆ. ಇದ್ದರೆ ಅಂತೂ ಪೂರ್ತಿ ನಿಲ್ಲಿಸಲಿ. ತೂಕ 80 ಇದ್ದರೆ ಆರರಿಂದ ಎಂಟು ಕೆ.ಜಿ. ನಿಧಾನಕ್ಕೆ ಇಳಿಸಲಿ. ಫ್ಯಾಟಿ ಲಿವರ್‌ಗೆ ಅಷ್ಟು ಕೆಲಸ ಮಾಡುವ ಸೊಪ್ಪು ನಾನಂತೂ ಕಂಡಿಲ್ಲ. ರಾತ್ರಿಯ ಎರಡನೇ ಮುದ್ದೆ ಹೋಗಲಿ, ಬೈಕ್ ಬಿಟ್ಟು ಹೊಲಕ್ಕೆ ನಡೆಯಲಿ.

ಗಿಡದ ಸಾರವೇ ಬೇಕು ಅಂತ ಹಟ ಹಿಡಿದರೆ ನಮ್ಮಲ್ಲೇ ಒಂದಿದೆ, ಕಾಫಿ. ತಮಾಷೆ ಅಲ್ಲ. ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಹತ್ತು ವರ್ಷದ ಮೇಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ್ದಾರೆ. ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಲಿವರ್ ಕಾಯಿಲೆ 21% ಕಡಿಮೆ ಕಂಡಿತು. ಕಾಫಿಯೇ ಕಾರಣ ಅಂತ ಅದರಿಂದ ಖಚಿತವಾಗುವುದಿಲ್ಲ, ಆದರೆ ಇಂಥದ್ದೇ ಫಲ ಬೇರೆ ಕಡೆಯೂ ಬಂದಿದೆ. ದಿನಕ್ಕೆ ಎರಡು ಮೂರು ಲೋಟ, ಚಿಕೋರಿ ಇಲ್ಲದ ಪುಡಿ, ಸಕ್ಕರೆ ಇಲ್ಲದೆ. ಬೇಲೂರಿನವರಿಗೆ ಸಕ್ಕರೆ ಇಲ್ಲದ ಕಾಫಿ ಅಂದರೆ ಶಿಕ್ಷೆ, ಗೊತ್ತು ನನಗೆ.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಅಂಕಿ ಇಲ್ಲೇ ಹಾಕಿ. ಆ ನೆಲನೆಲ್ಲಿಯ ಫೋಟೋನೂ ಹಾಕಿ, ಎಲೆ ಮಗುಚಿ, ಕಾಯಿ ತೊಟ್ಟು ಕಾಣುವ ಹಾಗೆ. ಮೇಲಿಂದ ತೆಗೆದರೆ ಯಾವ ಗಿಡ ಅಂತ ಹೇಳೋಕಾಗಲ್ಲ.