ಗೈಡ್ ಮುಚ್ಚಿಟ್ಟ ಮೇಲೆ ಕಂಡ ಕ್ರಿಯಾಪದ

ಇಂಗ್ಲಿಷ್ ಎಂ.ಎ. ಮೊದಲ ಸೆಮಿಸ್ಟರ್ ಹುಡುಗಿ. ಪಿಯುಸಿವರೆಗೂ ಕನ್ನಡ ಮಾಧ್ಯಮ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಮಾಲೋಚನೆಗೆ ಬಂದವಳು, ಎರಡನೇ ಭೇಟಿಯಲ್ಲಿ ಬ್ಯಾಗಿನಿಂದ ಮಡಚಿದ ಅಸೈನ್‌ಮೆಂಟ್ ತೆಗೆದು ಮೇಜಿನ ಮೇಲಿಟ್ಟಳು. ವರ್ಡ್ಸ್‌ವರ್ತ್‌ನ ‘ದ ಸಾಲಿಟರಿ ರೀಪರ್’ ಕವಿತೆಯ ಮೇಲಿನ ಪ್ರಬಂಧ. ಹೊಲದಲ್ಲಿ ಒಬ್ಬಳೇ ಪೈರು ಕೊಯ್ಯುತ್ತಾ ಹಾಡುವ ಹುಡುಗಿಯನ್ನು ಕಂಡವನೊಬ್ಬ ಹೇಳುವ ಕವಿತೆ ಅದು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇದು ನಿನ್ನದಲ್ಲ’ ಎಂದಿತ್ತು. ಮೇಷ್ಟ್ರು ಅದನ್ನೇ ಕ್ಲಾಸಿನಲ್ಲಿ ಎಲ್ಲರೆದುರು ಹೇಳಿದ್ದರಂತೆ.

“ಕಳ್ಳಿ ಅಂದಂಗಾಯ್ತು ಮೇಡಂ. ಊರಿಗೆ ಹೋಗಿಬಿಡ್ತೀನಿ.”

ಕವಿ 1770ರಲ್ಲಿ ಹುಟ್ಟಿದ ಎಂದು ಶುರುವಾದ ಪ್ರಬಂಧದಲ್ಲಿ, ಎರಡು ಪುಟ ಮುಗಿದರೂ ಕವಿತೆಯ ಒಂದು ಸಾಲು ಬಂದಿರಲಿಲ್ಲ. ಬಹುಪಾಲು ಗೈಡ್‌ನದೇ ಮಾತು. ಅದು ಕದ್ದದ್ದು ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. ಶಾಲೆಯಿಂದಲೂ ಪ್ರಬಂಧವೆಂದರೆ ಬಾಯಿಪಾಠ ಮಾಡಿ ತಪ್ಪಿಲ್ಲದೆ ಒಪ್ಪಿಸುವುದು. ಅದಕ್ಕೇ ಶಹಬ್ಬಾಸ್ ಸಿಕ್ಕಿತ್ತು. ಇಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ ಎಂದು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಇದನ್ನು ಅವಳೊಬ್ಬಳ ತಪ್ಪೆಂದು ನಾನು ಒಪ್ಪಲಾರೆ.

ನಾಲ್ಕೇ ಚರಣದ ಕವಿತೆ, ಮೂವತ್ತೆರಡು ಸಾಲು. ಗೈಡ್ ಮುಚ್ಚಿಟ್ಟು ಮೂರು ಸಲ ಗಟ್ಟಿಯಾಗಿ ಓದು, ಕಣ್ಣಿಗೆ ಬಿದ್ದದ್ದನ್ನು ಕನ್ನಡದಲ್ಲೇ ಬರೆದು ತಾ ಎಂದೆ.

ಮುಂದಿನ ವಾರ ನೋಟ್‌ಬುಕ್ ತೆರೆದು ಅಳುಕುತ್ತಲೇ ಕೇಳಿದಳು. “ಒಂದನೇ ಚರಣದಲ್ಲೂ ಮೂರನೇದ್ರಲ್ಲೂ ‘ಸಿಂಗ್ಸ್’ ಅಂತಿದೆ, ಕೊನೇದ್ರಲ್ಲಿ ‘ಸ್ಯಾಂಗ್’ ಅಂತಾಗಿದೆ. ಹಾಡ್ತಾಳೆ ಅಂತಿದ್ದೋನು ಹಾಡಿದ್ಲು ಅಂತಾನೆ. ಅಷ್ಟರಲ್ಲಿ ಅವನು ಹೊರಟೋಗಿದಾನಾ ಮೇಡಂ?”

ಹೈಸ್ಕೂಲಿನಲ್ಲಿ ಕಾಲಗಳ ಕೋಷ್ಟಕ ತಿದ್ದಿ ತಿದ್ದಿ ಪಳಗಿದ ಕಣ್ಣು ಅದು. ಕವಿತೆಯಲ್ಲಿ ಹಾಡುವ ಹುಡುಗಿಯ ಭಾಷೆ ತಿಳಿಯದೆ, ಏನು ಹಾಡುತ್ತಿದ್ದಾಳೆಂದು ಯಾರನ್ನೋ ಕೇಳುತ್ತಾ ನಿಂತವನು, ಅರ್ಥ ಸಿಗದೆಯೇ ಹಾಡನ್ನು ಎದೆಯಲ್ಲಿಟ್ಟುಕೊಂಡು ಗುಡ್ಡ ಹತ್ತುತ್ತಾನೆ. ಅವನು ಅಲ್ಲಿಂದ ಹೊರಟುಹೋದದ್ದನ್ನು ಕ್ರಿಯಾಪದವೇ ಹೇಳುತ್ತದೆ. ನಿನ್ನ ಪ್ರಬಂಧ ಇಲ್ಲಿದೆ ಎಂದೆ. ಅವಳು ನಂಬಲಿಲ್ಲ; “ಇಷ್ಟು ಸಣ್ಣದಾ?” ಎಂದಳು.

ಆಮೇಲೆ ಕೊಟ್ಟ ಸಲಹೆ ಹೆಚ್ಚೇನಿಲ್ಲ. ಈ ಮಾತನ್ನು, ಇನ್ನೊಬ್ಬರು ‘ಹಾಗಲ್ಲ’ ಎಂದು ವಾದಿಸಬಹುದಾದ ಒಂದೇ ಇಂಗ್ಲಿಷ್ ವಾಕ್ಯವಾಗಿ ಬರೆ. ಕೆಳಗೆ ಕವಿತೆಯ ಆ ಎರಡು ಪದಗಳನ್ನು ಉದ್ಧರಣ ಚಿಹ್ನೆಯಲ್ಲಿಡು. ಅವು ನಿನ್ನ ಮಾತಿಗೆ ಹೇಗೆ ಸಾಕ್ಷಿ ಎಂಬುದನ್ನು ಮೂರು ವಾಕ್ಯದಲ್ಲಿ ಬಿಡಿಸು. ಪೀಠಿಕೆ ಕೊನೆಗೆ ಬರೆದರಾಯಿತು. ಕವಿತೆಯೊಳಗೆ ನಡೆಯುವುದನ್ನು ಇಂಗ್ಲಿಷ್ ಪ್ರಬಂಧದಲ್ಲಿ ಸಾಮಾನ್ಯವಾಗಿ ವರ್ತಮಾನ ಕಾಲದಲ್ಲೇ ಹೇಳುತ್ತಾರೆ. ಗೈಡನ್ನು ಆಮೇಲೆ ಬೇಕಾದರೆ ಓದು. ಅದರಿಂದ ಏನೇ ತೆಗೆದುಕೊಂಡರೂ ಅದರ ಹೆಸರು ಹಾಕು.

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿಗಳು ನಡೆದಿವೆ. ಮೊನ್ನೆ ಆರು ಸಾಲಿನ ಒಂದು ಪ್ಯಾರಾ ತಂದಳು. ಎರಡು ಕಡೆ ಇಂಗ್ಲಿಷಿನ ‘ದ’ (the) ಬಿಟ್ಟುಹೋಗಿತ್ತು. ನಾನು ಪೆನ್ನು ಮುಟ್ಟಲಿಲ್ಲ. ಇದನ್ನು ಮೇಷ್ಟ್ರಿಗೇ ತೋರಿಸ್ತೀಯಾ ಎಂದೆ. ಸುಮಾರು ಹೊತ್ತು ಹಾಳೆ ನೋಡುತ್ತಾ ಕೂತಿದ್ದು, “ಸೋಮವಾರ ಸ್ಟಾಫ್‌ರೂಮಲ್ಲಿ ಒಬ್ಬರೇ ಇರ್ತಾರೆ” ಎಂದಳು.