ದೊಡ್ಡ ಎಂಸಿಬಿ ಹಾಕಿದರೆ ಸಾಕೇ?

ಪತ್ರ: ಮಡಿಕೇರಿಯಲ್ಲಿ ನಮ್ಮದು ನಲವತ್ತು ವರ್ಷದ ಮನೆ. ಬಚ್ಚಲ ಒಲೆ ತೆಗೆಸಿ ಎರಡು ಗೀಸರ್, ಮಳೆಗಾಲಕ್ಕೊಂದು ರೂಮ್ ಹೀಟರ್ ಹಾಕಿಸೋಣ ಅಂತಾನೆ ಮಗ. ಬಿಲ್ಲಿನಲ್ಲಿ ಮಂಜೂರಾದ ಲೋಡ್ (ಒಟ್ಟಿಗೆ ಬಳಸಬಹುದಾದ ಕರೆಂಟಿನ ಮಿತಿ) 2 ಕಿಲೋವ್ಯಾಟ್ ಎಂದಿದೆ. "ದೊಡ್ಡ ಎಂಸಿಬಿ ಹಾಕಿದರೆ ಸಾಕು" ಅಂತಾರೆ ಎಲೆಕ್ಟ್ರಿಷಿಯನ್; ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಂತೆ ಅದು. ಮುಂದುವರಿಯಬಹುದೇ?

ಉತ್ತರ: ಬಿಲ್ಲಿನಲ್ಲಿ ಲೋಡ್ ಎಷ್ಟೆಂದು ನೋಡಿದಿರಲ್ಲ, ಅದಕ್ಕೇ ನಿಮಗೊಂದು ನಮಸ್ಕಾರ. ನಮ್ಮಲ್ಲಿ ಬಹಳ ಜನ ಬಿಲ್ಲಿನಲ್ಲಿ ಓದುವುದು ಕೊನೆಯ ಸಾಲಿನ ಮೊತ್ತ ಮಾತ್ರ.

ಈಗ ಲೆಕ್ಕಕ್ಕೆ ಬನ್ನಿ. ಗೀಸರ್ ಒಂದಕ್ಕೆ 2 ಕಿಲೋವ್ಯಾಟ್, ಹೀಟರ್‌ಗೆ 2. ಮೂರೂ ಒಟ್ಟಿಗೆ ಉರಿದರೆ 6. 230 ವೋಲ್ಟ್‌ನಲ್ಲಿ ಅದು ಸುಮಾರು 26 ಆಂಪಿಯರ್. ಫ್ರಿಜ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಪಂಪ್ ಇನ್ನೂ ಬಂದೇ ಇಲ್ಲ. ಮಂಜೂರಾಗಿರುವುದು 2!

ನಿಮ್ಮ ಎಲೆಕ್ಟ್ರಿಷಿಯನ್ ಅನುಭವಸ್ಥರೇ ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಎಂಸಿಬಿ ಇರುವುದು ಗೀಸರನ್ನು ಕಾಪಾಡುವುದಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಪಾಡುವುದಕ್ಕೆ. ಪದೇ ಪದೇ ಟ್ರಿಪ್ ಆಗುತ್ತದೆಂದು ದೊಡ್ಡದನ್ನು ಹಾಕುವುದು, ಕಾವಲುಗಾರ ಕೂಗುತ್ತಾನೆಂದು ಅವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಜೂಲ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1840ರ ದಶಕದಲ್ಲೇ ಇದನ್ನು ಹೇಳಿಟ್ಟಿದ್ದಾನೆ. ನಾವಿನ್ನೂ "ಏನೂ ಆಗಲ್ಲ ಸಾರ್" ಎಂದುಕೊಂಡೇ ಇದ್ದೇವೆ.

ನಲವತ್ತು ವರ್ಷದ ಮನೆ ಎಂದಿರಿ. ಆ ಕಾಲದ ಎಷ್ಟೋ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಅಲ್ಯೂಮಿನಿಯಂ ವೈರ್ ಎಳೆದಿರುತ್ತಿದ್ದರು. ಅದರ ಜಾಯಿಂಟ್ ಕಾಲಕ್ರಮೇಣ ಸಡಿಲವಾಗುತ್ತದೆ, ಸಡಿಲವಾದಲ್ಲಿ ಕಾಯುತ್ತದೆ. ನಮ್ಮ ನೆಂಟರ ಮನೆಯಲ್ಲಿ ನೀರು ಕಾಯಿಸುವ ರಾಡನ್ನು 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದರು. ಪ್ಲಗ್ ಕರಗಿ ಸಾಕೆಟ್ಟಿಗೇ ಅಂಟಿಕೊಂಡಿತ್ತು. ಆ ಮನೆಯ ನೆಲಕ್ಕೆ ಮಾತ್ರ ಇಟಾಲಿಯನ್ ಮಾರ್ಬಲ್, ನೋಡಿ.

ನನ್ನ ತಕರಾರು ಇರುವುದೇ ಇಲ್ಲಿ. ಫಾಲ್ಸ್ ಸೀಲಿಂಗ್‌ಗೆ ಲಕ್ಷ ಸುರಿಯುತ್ತೇವೆ, ವೈರಿನಲ್ಲಿ ಚೌಕಾಸಿ ಮಾಡುತ್ತೇವೆ. ತಿಂಗಳ ನಿಗದಿತ ಶುಲ್ಕ ಲೋಡಿನ ಲೆಕ್ಕದಲ್ಲಿ ಬೀಳುತ್ತದೆಂದು ಲೋಡ್ ಕಡಿಮೆ ತೋರಿಸುತ್ತೇವೆ. ಬೀದಿಯ ಟ್ರಾನ್ಸ್‌ಫಾರ್ಮರ್ ಹಾಕುವವರು ಆ ಸುಳ್ಳು ಲೆಕ್ಕವನ್ನೇ ನಂಬಬೇಕು. ಸಂಜೆ ವೋಲ್ಟೇಜ್ ಬಿದ್ದಾಗ ಲೈನ್‌ಮನ್‌ಗೆ ಬೈಗುಳ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು. ಗಣಿಗೆ ಎಷ್ಟು ಬೇಕು, ತಂತಿ ಎಷ್ಟು ತಾಳುತ್ತದೆ ಎಂದು ಲೆಕ್ಕ ಹಾಕದೆ ಎಳೆದಿರುತ್ತಾರಾ? ಆ ನಾಡಿನಲ್ಲಿ ನಾವು ಬಚ್ಚಲ ಮನೆಯ ಲೆಕ್ಕ ಹಾಕಲು ಸೋಮಾರಿಗಳು.

ಬಚ್ಚಲ ಒಲೆಯ ಸುಖ ಬೇರೆಯೇ ಅನ್ನುವವರಿದ್ದಾರೆ. ಒಪ್ಪಿದೆ. ಆದರೆ ಹೊಗೆ ಕುಡಿದವರು ಯಾರು ಅಂತ ಮನೆಯ ಹೆಂಗಸರನ್ನು ಕೇಳಿ.

ನಿಮಗೆ ಸ್ವಲ್ಪ ಗದರುವುದೂ ಇದೆ. ಎಲೆಕ್ಟ್ರಿಷಿಯನ್ ಹಾಗೆಂದಾಗ ವೈರ್ ಎಷ್ಟು ಎಂಎಂ ಎಂದು ನೀವು ಕೇಳಬೇಕಿತ್ತು. ಗೀಸರ್‌ಗೆ ಮೇನ್ ಬೋರ್ಡಿನಿಂದಲೇ ಬೇರೆ ತಾಮ್ರದ ಲೈನ್ ಬೇಕು, ಸಾಮಾನ್ಯವಾಗಿ 4 ಚದರ ಎಂಎಂ. ಸರಿಯಾದ ಅರ್ಥಿಂಗ್ ಬೇಕು, 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಲೈನ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ ಬೇಕು. ಕಂಬದಿಂದ ಮೀಟರಿಗೆ ಬರುವ ಸರ್ವೀಸ್ ವೈರನ್ನೂ ನೋಡಿಸಿ. ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆಸಿ, ನಿಮ್ಮ ಕಡೆ ಕರೆಂಟ್ ಕೊಡುವ ಸೆಸ್ಕ್ ಕಚೇರಿಗೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ.

ಹೀಟರ್ ವಿಷಯ ಮಗನಿಗೆ ಹೀಗೆ ಹೇಳಿ: ರಾತ್ರಿ ನಾಲ್ಕು ಗಂಟೆ ಉರಿದರೆ ದಿನಕ್ಕೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿಯ 200 ಯೂನಿಟ್ ಮಿತಿ ಹೀಟರ್ ಒಂದರಲ್ಲೇ ದಾಟುತ್ತದೆ. ಸದ್ಯಕ್ಕೆ ಒಂದೇ ಗೀಸರ್ ಸಾಕು. ಎರಡನೆಯದರ ದುಡ್ಡಿನಲ್ಲಿ ಮೊದಲು ವೈರಿಂಗ್ ಬದಲಾಯಿಸಿ.