ಒಂದೇ ದಿನದಲ್ಲಿ ಲುಂಬಿನಿ, ಪೋಖರಾ ಎರಡೂ: ವಯಸ್ಸಾದ ತಾಯಿಯವರನ್ನು ಕರೆದೊಯ್ಯಬಹುದೇ?

ಗದಗಿನಿಂದ ಕಾಶಿ–ಅಯೋಧ್ಯೆ ಯಾತ್ರೆಯ ಬಸ್ಸು, ಅದರಲ್ಲಿ ನೇಪಾಳಕ್ಕೆ ಒಂದು ದಿನ, ಜೊತೆಗೆ ಮೊಣಕಾಲು ನೋವಿನ ತಾಯಿ. ನಿಮ್ಮ ಪ್ರಶ್ನೆ ಓದಿದಾಗ 2019ರ ನಮ್ಮ ಯಾತ್ರೆಯೇ ಕಣ್ಣ ಮುಂದೆ ಬಂತು.

ನಮ್ಮದೂ ಅಂಥದ್ದೇ ಬಸ್ಸು. ಅಡುಗೆಯವರು ಜೊತೆಗಿದ್ದರು, ಡಬ್ಬಿಗಟ್ಟಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಸುಕಿನಲ್ಲಿ ಗೋರಖಪುರ ಬಿಟ್ಟು ಸುನೌಲಿ ಗಡಿ ಮುಟ್ಟಿದೆವು. ನಮ್ಮ ಬಸ್ಸು ನೇಪಾಳದೊಳಗೆ ಹೋಗಬೇಕಾದರೆ ಅಲ್ಲಿನ ಸುಂಕದ ಕಚೇರಿಯಲ್ಲಿ ಚೀಟಿ ಮಾಡಿಸಬೇಕು, ಅದಕ್ಕೆ ಭನ್ಸಾರ್ ಎನ್ನುತ್ತಾರೆ. ಅದು ಕೈಗೆ ಬರುವಷ್ಟರಲ್ಲಿ ಹತ್ತೂವರೆ. ರಾತ್ರಿ ಪೋಖರಾ ಮುಟ್ಟಬೇಕೆಂದು ಲುಂಬಿನಿಗೆ ಒಂದೂವರೆ ಗಂಟೆ ಮಾತ್ರ ಕೊಟ್ಟರು.

ಅವ್ವನಿಗೆ ಲುಂಬಿನಿಯ ಮೇಲೆ ಬಹಳ ಆಸೆ ಇತ್ತು. ಅವಳು ವರ್ಷವೂ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುತ್ತಿದ್ದವಳು. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದೇ ಅಶೋಕ ಲುಂಬಿನಿಯಲ್ಲಿ ಕಂಬ ನೆಡಿಸಿ, ಬುದ್ಧ ಹುಟ್ಟಿದ್ದು ಇಲ್ಲಿ ಎಂದು ಕೆತ್ತಿಸಿದ್ದಾನೆ, ಆ ಊರಿನ ಕಂದಾಯವನ್ನೂ ಎಂಟನೆಯ ಒಂದು ಪಾಲಿಗೆ ಇಳಿಸಿದ್ದಾನೆ ಎಂದು ನಾನೇ ಹೇಳಿದ್ದೆ. "ನಮ್ಮ ಗುಡ್ಡದ ರಾಜ ಅಲ್ಲಿಗೂ ಹೋಗಿದ್ದನೇ? ಹಾಗಾದರೆ ನೋಡಲೇಬೇಕು" ಎಂದಿದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೊರಡುವ ಹಿಂದಿನ ದಿನ ನನ್ನ ಬಳಿ ನೂರರ ನೋಟುಗಳ ದಪ್ಪ ಕಟ್ಟು ಇತ್ತು. ಒಳಜೇಬಿನಲ್ಲಿ ಉಬ್ಬಿ ಕಾಣುತ್ತದೆ, ಕಳ್ಳರ ಕಣ್ಣಿಗೆ ಬೀಳುತ್ತದೆ ಎಂದು ಕಿರಾಣಿ ಅಂಗಡಿಗೆ ಹೋಗಿ ಅಷ್ಟನ್ನೂ ಐನೂರರ ನೋಟು ಮಾಡಿಸಿಕೊಂಡು ಬಂದೆ. ಒಂದೇ ಒಂದು ನೂರನ್ನೂ ಉಳಿಸಿಕೊಳ್ಳಲಿಲ್ಲ. 2018ರ ಡಿಸೆಂಬರಿನಲ್ಲೇ ನೇಪಾಳ ಸರ್ಕಾರ ನಮ್ಮ 200, 500 ಮತ್ತು 2000 ರೂಪಾಯಿ ನೋಟುಗಳನ್ನು ನಿಷೇಧಿಸಿತ್ತು. ನೂರರ ನೋಟಿಗೆ ಅಡ್ಡಿ ಇರಲಿಲ್ಲ, ಅದನ್ನು ಅಂಗಡಿಯವರು 160 ನೇಪಾಳಿ ರೂಪಾಯಿಗೆ ಸಮ ಎಂದು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಅಂದರೆ ನಡೆಯುವ ಹಣವನ್ನು ಕೊಟ್ಟು ನಡೆಯದ ಹಣವನ್ನು ನಾನೇ ಕೈಯಾರೆ ತಂದುಕೊಂಡಿದ್ದೆ. ಒಂದು ಮಾತು ಯಾರನ್ನಾದರೂ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಬಸ್ಸು ನಿಲ್ಲುವ ಜಾಗದಿಂದ ಬುದ್ಧನ ತಾಯಿ ಮಾಯಾದೇವಿಯ ಮಂದಿರ ದೂರ, ಅಶೋಕನ ಕಂಬ ಇರುವುದು ಅದರ ಪಕ್ಕದಲ್ಲೇ. ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ ರೂಪಿಸಿದ ಆ ಲುಂಬಿನಿ ವನದ ಉದ್ದವೇ ಸುಮಾರು ಐದು ಕಿಲೋಮೀಟರ್. ಉಳಿದವರು ಗೈಡ್ ಹಿಂದೆ ನಡೆದುಬಿಟ್ಟರು. ಅವ್ವನಿಗಾಗಿ ಬ್ಯಾಟರಿ ರಿಕ್ಷಾ ಕರೆದು ಐನೂರು ಚಾಚಿದೆ. ಅವನು ನೋಟನ್ನು ಮುಟ್ಟಲೂ ಇಲ್ಲ, ತಲೆ ಅಲ್ಲಾಡಿಸಿ ಮುಂದಿನವರ ಕಡೆ ತಿರುಗಿದ. ಎರಡನೆಯವನೂ ಹಾಗೆಯೇ. ಜೊತೆಯವರಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಗಡಿಯಲ್ಲೇ ನಿಂತಿತ್ತು. ಅವ್ವನನ್ನು ಮರದ ಕೆಳಗೆ ಕೂರಿಸಿ ಅಂಗಡಿ ಅಂಗಡಿ ತಿರುಗಿದೆ. ಕೊನೆಗೆ ಒಬ್ಬ ಕಡಿಮೆ ದರಕ್ಕೆ ಬದಲಾಯಿಸಿಕೊಟ್ಟ. ನಾವು ರಿಕ್ಷಾದಲ್ಲಿ ಹೋಗಿ ಇಳಿಯುವಾಗ ನಮ್ಮವರೆಲ್ಲ ತಿರುಗಿ ಬರುತ್ತಿದ್ದರು. ಗೈಡ್ ಕೈಗಡಿಯಾರ ತೋರಿಸಿದರು. ದೂರದಲ್ಲಿ ಬಿಳಿಯ ಮಂದಿರ ಕಂಡಿತು, ಕಂಬ ಕಾಣಲಿಲ್ಲ.

ಬಸ್ಸಿನಲ್ಲಿ ಅವ್ವ ಕೇಳಿದ್ದು ಒಂದೇ: "ಕಂಬ ಎಷ್ಟು ಎತ್ತರ ಇದೆಯಪ್ಪಾ?" ಈಗ ಅವಳ ಕಾಲು ಗವಿಮಠದ ಜಾತ್ರೆಗೂ ಏಳುವುದಿಲ್ಲ.

ಪೋಖರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುನೌಲಿಯಿಂದ ಸುಮಾರು 180 ಕಿಲೋಮೀಟರ್ ಬೆಟ್ಟದ ದಾರಿ. ಮುಟ್ಟಿದಾಗ ರಾತ್ರಿ ಹನ್ನೊಂದು, ಅಲ್ಲಿನ ಫೇವಾ ಕೆರೆ ಕತ್ತಲಲ್ಲಿ ಕಪ್ಪಗೆ ಬಿದ್ದಿತ್ತು, ಬೆಳಗ್ಗೆ ಐದಕ್ಕೆ ವಾಪಸ್ಸು.

ಆದ್ದರಿಂದ ಒಂದು ದಿನ ಸಾಕೇ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಲುಂಬಿನಿಗೆ ಒಂದು ದಿನ ಧಾರಾಳ ಸಾಕು, ಪೋಖರಾ ಸೇರಿಸಿದರೆ ಎರಡೂ ಸಿಗುವುದಿಲ್ಲ. ಪ್ರವಾಸದವರು ಪೋಖರಾ ಬಿಡಲು ಒಪ್ಪದಿದ್ದರೆ ನೀವಿಬ್ಬರು ಗಡಿಯಿಂದ ಬೇರೆ ಗಾಡಿ ಮಾಡಿಕೊಂಡು ಲುಂಬಿನಿ ನೋಡಿ, ಗೋರಖಪುರದಲ್ಲಿ ಬಸ್ಸು ಹಿಡಿಯಿರಿ. ಖರ್ಚು ಹೆಚ್ಚಾದರೆ ಆಗಲಿ. ಆಧಾರ್ ಒಂದನ್ನೇ ನಂಬದೆ ಮತದಾರರ ಗುರುತಿನ ಚೀಟಿ ಇಲ್ಲವೇ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಗಡಿ ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಿಡಿ. ನೂರರ ಒಂದು ಕಟ್ಟನ್ನು ಒಡೆಯದೆ ತಾಯಿಯವರ ಚೀಲದಲ್ಲೇ ಇಡಿ, ಬಸ್ಸಿನಿಂದ ಇಳಿದ ತಕ್ಷಣ ಮೊದಲು ಅವರನ್ನು ರಿಕ್ಷಾದಲ್ಲಿ ಕೂರಿಸಿ.